ಒಂದೇ ಮನೆಯ ಇಬ್ಬರು

ಇಂದುಮತಿ ಕೆಲಸದಿಂದ ನಿವೃತ್ತಳಾದ ವರ್ಷ ನಾವಿಬ್ಬರೂ ಬೆಟ್ಟಕ್ಕೆ ಹೋದೆವು. ಹೋಗಬೇಕೆಂದದ್ದು ಅವಳೇ. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಡ್ರಿಲ್ ಟೀಚರ್ ಆಗಿದ್ದವಳು. ಮೈದಾನದ ಬಿಸಿಲು ತಿಂದೂ ತಿಂದೂ ಮೈ ಗಟ್ಟಿಯಾಗಿತ್ತು, ನಡಿಗೆಯಲ್ಲಿ ಇನ್ನೂ ಹುಡುಗಿಯ ಚುರುಕಿತ್ತು. ನಾನು ಕನ್ನಡಕದ ಅಂಗಡಿಯವನು. ಕೂತಲ್ಲೇ ಕೂತು ಗಾಜು ಉಜ್ಜುತ್ತ ವಯಸ್ಸಾದವನು. ನಾವು ಒಟ್ಟಿಗೆ ಊರು ಬಿಟ್ಟದ್ದೆಲ್ಲ ಯಾರದೋ ಮದುವೆಗೆ, ಇಲ್ಲವೇ ಸಾವಿಗೆ. ಬರಿದೇ ತಿರುಗಾಡಿಕೊಂಡು ಬರೋಣವೆಂದು ಹೊರಟದ್ದು ಅದೇ ಮೊದಲು.

ಬಸ್ಸು ಬೆಟ್ಟದ ಬುಡದಲ್ಲಿ ನಿಂತಿತು. ಅಲ್ಲಿಂದ ಮುಂದೆ ರಸ್ತೆಯಿರಲಿಲ್ಲ. ಆ ಊರಿನ ಹೆಸರೇನೆಂದು ಯಾರಾದರೂ ಕೇಳಿದರೆ ಇವತ್ತಿಗೂ ನನಗೆ ಹೇಳಲು ಬರುವುದಿಲ್ಲ. ಅಲ್ಲಿಯವರು ಅದನ್ನು ‘ಕೆಳಗು’ ಅನ್ನುತ್ತಾರೆ. ಬೆಟ್ಟದ ಮೈಮೇಲೆ ಅಲ್ಲಲ್ಲಿ ಅಂಟಿಕೊಂಡಿರುವ ಹಳ್ಳಿಗಳನ್ನೆಲ್ಲ ಸೇರಿಸಿ ‘ಮೇಲು’ ಅನ್ನುತ್ತಾರೆ. ಅಷ್ಟರಲ್ಲೇ ಅವರ ವ್ಯವಹಾರವೆಲ್ಲ ಮುಗಿಯುತ್ತದೆ. ಚಪ್ಪಡಿಕಲ್ಲು ಹೊದಿಸಿದ ಮನೆಗಳು, ಬೀದಿಯ ಉದ್ದಕ್ಕೂ ಹರಿಯುವ ಕಾಲುವೆ, ಕಾಲುವೆಯಲ್ಲಿ ಕುರಿಯ ಉಣ್ಣೆ ತೊಳೆಯುವ ಹೆಂಗಸರು. ಚೆನ್ನಾಜಮ್ಮ ಎಂಬಾಕೆ ತನ್ನ ಮನೆಯ ಅಟ್ಟವನ್ನು ಬಂದವರಿಗೆ ಉಳಿದುಕೊಳ್ಳಲು ಕೊಡುತ್ತಿದ್ದಳು. ನಾವು ಅಲ್ಲೇ ಇಳಿದುಕೊಂಡೆವು. ಆಕೆಯ ಗಂಡ ಬೆಳ್ಳಯ್ಯ ಕುಳ್ಳಗಿನ, ಸದಾ ಏನನ್ನೋ ಮರೆತವನಂತೆ ಕಾಣುವ ಮನುಷ್ಯ.

ಮೊದಲ ದಿನ ನಮಗೆ ಯಾರೂ ಏನೂ ಹೇಳಿರಲಿಲ್ಲ. ಬೆಳಿಗ್ಗೆ ರೊಟ್ಟಿ ತಿಂದು ನಾವಿಬ್ಬರೇ ಬೆಟ್ಟದ ದಾರಿ ಹಿಡಿದೆವು. ಅವಳು ಮುಂದೆ, ನಾನು ಏದುಸಿರು ಬಿಡುತ್ತ ಹಿಂದೆ. ಅರ್ಧ ದಾರಿಯಲ್ಲಿ ಬಂಡೆಯ ಸಂದಿಯಿಂದ ನೀರು ಜಿನುಗುವ ಜಾಗವಿತ್ತು. ಅಲ್ಲಿ ಕೂತು ಕಿತ್ತಳೆ ಸುಲಿದು ತಿಂದೆವು. ಹುಲ್ಲಿನ ಹೊರೆ ಹೊತ್ತು ಇಳಿಯುತ್ತಿದ್ದ ಇಬ್ಬರು ಹೆಂಗಸರು ನಮ್ಮನ್ನು ನೋಡಿ ನಿಂತರು. ನೀವಿಬ್ಬರೂ ಒಬ್ಬರಿಗೊಬ್ಬರು ಏನಾಗಬೇಕೆಂದು ಕೇಳಿದರು. ಗಂಡ ಹೆಂಡತಿ ಅಂದಳು ಇಂದುಮತಿ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಹೊರೆ ಸರಿಮಾಡಿಕೊಂಡು ಇಳಿದುಹೋದರು. ಸಂಜೆ ಊಟಕ್ಕೆ ಬಡಿಸುವಾಗ ಚೆನ್ನಾಜಮ್ಮ ಎಲ್ಲೆಲ್ಲಿ ಹೋಗಿದ್ದಿರೆಂದು ವಿಚಾರಿಸಿದಳು. ಇಬ್ಬರೂ ನೀರಿನ ಬಂಡೆಯವರೆಗೆ ಹೋಗಿ ಬಂದೆವೆಂದಾಗ ಆಕೆಯ ಸೌಟು ಸಾರಿನ ಪಾತ್ರೆಯಲ್ಲೇ ನಿಂತಿತು. ಒಟ್ಟಿಗಾ ಎಂದು ಕೇಳಿದಳು. ಹೌದೆಂದೆವು. ನಾವು ಅಟ್ಟ ಹತ್ತಿ ನೋಡಿದರೆ ಹಿಂದಿನ ದಿನ ಜೋಡಿಸಿ ಹಾಸಿದ್ದ ಹಾಸಿಗೆಗಳು ಈಗ ಒಂದು ಈ ಗೋಡೆಗೆ, ಇನ್ನೊಂದು ಆ ಗೋಡೆಗೆ ಸರಿದಿದ್ದವು. ನಮಗೆ ತಲೆಬುಡ ತಿಳಿಯಲಿಲ್ಲ. ಮನೆಯಲ್ಲೂ ಬೇರೆ ಬೇರೆ ಕೋಣೆಯಲ್ಲಿ ಮಲಗುವವರೇ ಆದ್ದರಿಂದ ಅದನ್ನು ದೊಡ್ಡದು ಮಾಡಲಿಲ್ಲ.

ಮಾರನೆಯ ದಿನ ಚೆನ್ನಾಜಮ್ಮ ಮೇಲಿನ ಒಂದು ಹಳ್ಳಿಗೆ ಕಂಬಳಿ ತರಲು ಹೊರಟಿದ್ದಳು. ಬರುವುದಾದರೆ ಬನ್ನಿ ಎಂದಳು. ಮೂವರೂ ಹತ್ತುತ್ತಿದ್ದೆವು. ಸಾಮೆಯ ಹೊಲಗಳು ಮುಗಿದು ಬೋಳು ಇಳಿಜಾರು ಶುರುವಾಗುವಲ್ಲಿ ಹಿಂದಿನಿಂದ ಬೆಳ್ಳಯ್ಯ ಕೂಗುತ್ತ ಓಡಿಬಂದ. ಹೆಂಡತಿ ಎಲೆಅಡಿಕೆ ಚೀಲ ಮರೆತುಬಂದಿದ್ದಳಂತೆ. ಚೆನ್ನಾಜಮ್ಮ ತಿರುಗಿ, ಬರಬೇಡ, ಅಲ್ಲೇ ನಿಲ್ಲು ಎಂದು ಕೈಯಾಡಿಸಿದಳು. ಆತ ನಮ್ಮಿಂದ ನಾಲ್ಕು ಮಾರು ದೂರದಲ್ಲಿ ಚೀಲ ಹಿಡಿದ ಕೈ ಮುಂದೆ ಚಾಚಿದ್ದ. ಆಮೇಲೆ ಇರಲಿಲ್ಲ. ಬಿದ್ದದ್ದೂ ಇಲ್ಲ, ಓಡಿದ್ದೂ ಇಲ್ಲ. ದಾರಿಯಷ್ಟೇ ಇತ್ತು. ಇಂದುಮತಿ ನನ್ನ ತೋಳು ಹಿಡಿದುಕೊಂಡಳು. ಚೆನ್ನಾಜಮ್ಮ ಕೆಳಗೆ ಬೆರಳು ತೋರಿಸಿದಳು. ದೂರದಲ್ಲಿ, ಕಾಲುವೆಯ ಪಕ್ಕದಲ್ಲಿ, ಇರುವೆಯಷ್ಟು ಬೆಳ್ಳಯ್ಯ ಚೀಲವನ್ನು ಮೇಲಕ್ಕೆತ್ತಿ ತೋರಿಸುತ್ತಿದ್ದ.

“ಇವತ್ತೆಲ್ಲ ಎಲೆಅಡ್ಕೆ ಇಲ್ದಂಗೆ ಮಾಡ್ಬುಟ್ಟ” ಎಂದಳು ಚೆನ್ನಾಜಮ್ಮ. ಸಿಟ್ಟಿದ್ದದ್ದು ಅದೊಂದಕ್ಕೆ.

ದಾರಿಯುದ್ದಕ್ಕೂ ನಾನು ಕೇಳಿದ್ದಕ್ಕೆ ಆಕೆ ಕೊಟ್ಟ ಉತ್ತರ ಇಷ್ಟು. ಬೆಟ್ಟದ ದಾರಿಯ ಮೇಲೆ ಒಂದೇ ಮನೆಯ ಇಬ್ಬರು ಜೊತೆಗಿರುವಂತಿಲ್ಲ. ಹತ್ತಿರ ಬಂದರೆ ಒಬ್ಬರು ಕೆಳಗಿರುತ್ತಾರೆ. ಹಳ್ಳಿಗಳ ಬೇಲಿಯೊಳಗೆ ಎಲ್ಲರಂತೆ ಸಂಸಾರ ನಡೆಯುತ್ತದೆ. ಬೇಲಿ ದಾಟಿ ದಾರಿಗೆ ಬಿದ್ದರೆ ಮಾತ್ರ ಹೀಗೆ. ಯಾಕೆ ಎಂದು ಕೇಳಿದೆ. ಮಳೆ ಯಾಕೆ ಬರುತ್ತದೆಂದು ಕೇಳಿದವನನ್ನು ನೋಡುವಂತೆ ನೋಡಿದಳು. ಅಲ್ಲಿಯವರು ಅದಕ್ಕೆ ತಕ್ಕಂತೆ ಬದುಕಿಕೊಂಡಿದ್ದರು. ಕೂಸುಗಳನ್ನು ಮೇಲಕ್ಕೆ ಒಯ್ಯುವುದು ಪಕ್ಕದ ಮನೆಯವರು. ಮದುಮಗಳನ್ನು ತವರಿನಿಂದ ಕರೆತರಲು ಗಂಡ ಹೋಗುವುದಿಲ್ಲ, ಅವನ ಗೆಳೆಯ ಹೋಗುತ್ತಾನೆ. ಕುರಿ ಮೇಯಿಸುವ ಅಣ್ಣತಮ್ಮಂದಿರು ಬೇರೆಯವರ ಅಣ್ಣತಮ್ಮಂದಿರೊಂದಿಗೆ ಜೊತೆ ಬದಲಾಯಿಸಿಕೊಳ್ಳುತ್ತಾರೆ. ಬೆಟ್ಟದಲ್ಲಿ ಎದುರಾದ ಯಾರೂ ಒಬ್ಬೊಬ್ಬರೇ ಇರಲಿಲ್ಲ, ಆದರೆ ಯಾರೂ ತಮ್ಮವರ ಜೊತೆಯಲ್ಲೂ ಇರಲಿಲ್ಲ.

ಇಷ್ಟನ್ನೆಲ್ಲ ಕೇಳುತ್ತ ನಾನೂ ಇಂದುಮತಿಯೂ ಆ ದಾರಿಯ ಮೇಲೇ, ಅಕ್ಕಪಕ್ಕದಲ್ಲೇ ನಡೆಯುತ್ತಿದ್ದೆವು.

ನಾನು ಸಮಾಧಾನ ಹುಡುಕಿದೆ. ನಾವು ಹೊರಗಿನವರು, ಬೆಟ್ಟಕ್ಕೆ ನಮ್ಮ ಗುರುತಿಲ್ಲ ಎಂದೆ. ಚೆನ್ನಾಜಮ್ಮ ಹ್ಞೂಂಗುಟ್ಟಿ ಮುಂದೆ ಹತ್ತಿದಳು. ಸಂಜೆ ಬೆಳ್ಳಯ್ಯನನ್ನು ಜಗಲಿಯಲ್ಲಿ ಕೂರಿಸಿಕೊಂಡು ಮತ್ತೆ ಕೇಳಿದೆ. ಆತನಿಗೆ ಹೆಂಡತಿಯ ಜಾಣತನವಿರಲಿಲ್ಲ. ಹೋದ ಬೇಸಿಗೆಯಲ್ಲಿ ಪ್ಯಾಟೆಯಿಂದ ಹೊಸದಾಗಿ ಮದುವೆಯಾದವರು ಬಂದಿದ್ದರೆಂದೂ, ಕೈ ಕೈ ಹಿಡಿದುಕೊಂಡು ಹತ್ತಲು ಹೋದಾಗಲೆಲ್ಲ ಆ ಹುಡುಗ ಕಾಲುವೆಯ ಹತ್ತಿರ ಬಂದು ನಿಲ್ಲುತ್ತಿದ್ದನೆಂದೂ, ಕೊನೆಗೆ ಹುಡುಗಿಯೇ ಬೇಜಾರಾಗಿ ಅವನನ್ನು ಊರಿಗೆ ಹೊರಡಿಸಿದಳೆಂದೂ ಹೇಳಿ ನಕ್ಕ. ಮೇಲಿನ ಹಳ್ಳಿಯೊಂದರಲ್ಲಿ ಇಬ್ಬರು ಅಣ್ಣತಮ್ಮಂದಿರು ಒಂದು ದಿನ ಒಟ್ಟಿಗೇ ಇಳಿದು ಬಂದದ್ದನ್ನೂ ಹೇಳಿದ. ಹೊಲ, ಕುರಿ ಎಲ್ಲ ಇನ್ನೂ ಒಟ್ಟಿಗೇ ಇತ್ತಂತೆ. ಇಬ್ಬರೂ ದಾರಿಯಲ್ಲಿ ಜೊತೆಯಾಗಿ ಬರುವುದನ್ನು ಅವರ ತಾಯಿ ಬೇಲಿಯೊಳಗಿಂದ ನೋಡಿ, ಮನೆ ಒಡೆಯಿತೆಂದು ಎದೆ ಬಡಿದುಕೊಂಡು ಅತ್ತಳಂತೆ. ಇದನ್ನು ಹೇಳುತ್ತಿರುವಾಗಲೇ ಆತನಿಗೆ ತಾನು ಯಾರಿಗೆ ಹೇಳುತ್ತಿದ್ದೇನೆಂಬುದು ಹೊಳೆಯಿತು. ಹಸುವಿಗೆ ನೀರಿಡಬೇಕೆಂದು ಎದ್ದು ಹೋದ. ಆ ಮನೆಯಲ್ಲಿ ಹಸುವಿರಲಿಲ್ಲ.

ಅಟ್ಟದಲ್ಲಿ ಇಂದುಮತಿ ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು. ನಾನು ಬೆಳ್ಳಯ್ಯ ಹೇಳಿದ್ದನ್ನು ಹೇಳಿದೆ. ಅವಳು ತಲೆಯೆತ್ತಲಿಲ್ಲ. “ಹಾಗಾದರೆ ಒಳ್ಳೆಯದೇ ಆಯ್ತಲ್ಲ. ಇಲ್ಲಿ ಯಾರಿಗೂ ಇಲ್ಲದ ಅನುಕೂಲ ನಮಗಿದೆ. ಒಟ್ಟಿಗೆ ತಿರುಗಾಡಬಹುದು” ಎಂದಳು. ಅದು ತಮಾಷೆಯೋ ಕೊಂಕೋ ನನಗೆ ಗೊತ್ತಾಗಲಿಲ್ಲ. ಇಷ್ಟು ವರ್ಷವಾದರೂ ಅವಳ ದನಿಯಲ್ಲಿ ಆ ಎರಡನ್ನೂ ಬೇರೆ ಮಾಡಲು ನನಗೆ ಬರುತ್ತಿರಲಿಲ್ಲ.

ಹೇಳಿದ ಹಾಗೆಯೇ ತಿರುಗಾಡಿದೆವು. ಕಂಬಳಿ ನೇಯುವ ಹಳ್ಳಿಯಲ್ಲಿ ಗುಂಡಿಯೊಳಗೆ ಕಾಲಿಳಿಬಿಟ್ಟು ಮಗ್ಗದ ಮುಂದೆ ಕೂತ ಮುದುಕ ಇಂದುಮತಿಗೆ ಲಾಳಿ ಎಸೆಯಲು ಕಲಿಸಿದ. ಅವಳು ಎಸೆದ ಲಾಳಿ ನನ್ನ ಮೊಣಕಾಲಿಗೆ ಬಡಿಯಿತು. ಜೇನಿನ ಹಳ್ಳಿಯಲ್ಲಿ ಮನೆಯ ಗೋಡೆಗಳಲ್ಲೇ ಗೂಡು ಬಿಟ್ಟು ಜೇನು ಸಾಕುತ್ತಿದ್ದರು. ಒಳಗೆ ಕೂತು ಗೋಡೆಗೆ ಕಿವಿಯಿಟ್ಟರೆ ಮನೆಯೇ ಗುನುಗುತ್ತಿತ್ತು. ಕುರಿಗಳ ಉಣ್ಣೆ ಕತ್ತರಿಸುವಲ್ಲಿ ಇಂದುಮತಿ ಸೀರೆ ಎತ್ತಿಕಟ್ಟಿ ಒಂದು ಟಗರನ್ನು ಹಿಡಿದು ಕೂರಿಸಿದಳು. ಆ ಹಳ್ಳಿಯ ಹೆಂಗಸರು ಆಮೇಲೆ ಅವಳನ್ನು ಟೀಚರಮ್ಮ ಎಂದೇ ಕರೆಯತೊಡಗಿದರು. ಹಳ್ಳದ ನೀರಿಗಿಳಿದು ಕಲ್ಲಿನಿಂದ ಕಲ್ಲಿಗೆ ದಾಟಿದೆವು. ಮುಳ್ಳುಪೊದೆಗಳಲ್ಲಿ ಹುಳಿಹಣ್ಣು ಬಿಡಿಸಿ ಬಾಯಿ ಕಪ್ಪು ಮಾಡಿಕೊಂಡೆವು. ನನ್ನ ಹೆಂಡತಿ ಇಷ್ಟು ಜೋರಾಗಿ ನಗುತ್ತಾಳೆಂದು ನನಗೆ ತಿಳಿದದ್ದು ಆಗ. ಆದರೆ ಪ್ರತಿ ಬೇಲಿಯ ಬಳಿ ಜನ ನಾವು ಒಟ್ಟಿಗೆ ಬರುವುದನ್ನು ನೋಡುತ್ತಿದ್ದರು. ನೋಡಿ, ಮನೆಯಲ್ಲಿ ಸಾವಾದವರನ್ನು ಮಾತಾಡಿಸುವಂತೆ ಮೆಲ್ಲನೆ ಮಾತಾಡಿಸುತ್ತಿದ್ದರು. ಬೆಲ್ಲ ಕೊಡುತ್ತಿದ್ದರು. ಹೆಂಗಸರು ಅವಳ ಕೈ ಹಿಡಿದುಕೊಳ್ಳುತ್ತಿದ್ದರು. ನಾವು ಚೆನ್ನಾಗಿಯೇ ಇದ್ದೆವಲ್ಲ ಎಂದು ನನಗನ್ನಿಸುತ್ತಿತ್ತು. ಚೆನ್ನಾಗಿರುವುದು ಅಂದರೇನೆಂದು ಮರುಕ್ಷಣ ಗೊತ್ತಾಗದೆ ಹೋಗುತ್ತಿತ್ತು.

ಒಂದು ಸಂಜೆ ನಾನು ಇನ್ನು ಊರಿಗೆ ಹೋಗೋಣ, ಅಂಗಡಿ ಮುಚ್ಚಿ ಬಹಳ ದಿನವಾಯಿತು ಎಂದೆ. ನೀವು ಹೋಗಿ ಎಂದಳು. ನೀನು ಎಂದೆ. ನಾನು ಇಲ್ಲಿದ್ದರೂ ಅಲ್ಲಿದ್ದರೂ ನಿಮಗೇನು ವ್ಯತ್ಯಾಸ, ಬೆಟ್ಟಕ್ಕೇ ಗೊತ್ತಾಗಿದೆ ಎಂದಳು. ನಾನು ಅಟ್ಟದ ಕಿಟಕಿ ಮುಚ್ಚಿ ಮಲಗಿದೆ. ಬೆಳಿಗ್ಗೆ ಎದ್ದಾಗ ಅವಳ ಹಾಸಿಗೆ ಮಡಿಸಿತ್ತು. ಒಬ್ಬಳೇ ಬೆಟ್ಟ ಹತ್ತಿಹೋಗಿದ್ದಾಳೆಂದು ಚೆನ್ನಾಜಮ್ಮ ಹೇಳಿದಳು.

ಮಧ್ಯಾಹ್ನದ ಹೊತ್ತಿಗೆ ಮಂಜು ಇಳಿಯಿತು. ಕುರಿಗಾಹಿಯೊಬ್ಬ ಕೆಳಗೆ ಬಂದು, ಟೀಚರಮ್ಮ ಜಾರಿ ಬಿದ್ದು ಪಾದದ ಮೇಲಿನ ಮೂಳೆ ಮುರಿದುಕೊಂಡಿದ್ದಾರೆ, ಮೇಲಿನ ಕುರಿದೊಡ್ಡಿಯ ಗುಡಿಸಲಿನಲ್ಲಿ ಮಲಗಿಸಿದ್ದೇವೆ ಎಂದ. ನಾನು ಬೆಳ್ಳಯ್ಯನ ಕಡೆ ತಿರುಗಿ ಯಾರನ್ನಾದರೂ ಕಳಿಸಬೇಕಲ್ಲ ಎಂದೆ. ಆ ಊರಿನ ಮಾತು ಆಗಲೇ ನನ್ನ ಬಾಯಿಗೆ ಬಂದುಬಿಟ್ಟಿತ್ತು. ಬೆಳ್ಳಯ್ಯ ನೆಲ ನೋಡುತ್ತ, “ನೀವೇ ಓಗ್ಬೋದಲ್ಲ ಸಾ. ನಿಮಗೇನು ತಡೆ” ಎಂದ. ಮನಸ್ಸು ನೋಯಿಸಬೇಕೆಂದು ಹೇಳಿದ್ದಲ್ಲ. ಅದು ಇದ್ದ ವಿಷಯ.

ಹತ್ತಿದೆ. ಆ ಹತ್ತುವಿಕೆಯನ್ನು ಹೇಗೆ ಹೇಳಲಿ. ಪ್ರತಿ ತಿರುವಿನಲ್ಲೂ ಈಗ ಕೆಳಗೆ ಹೋಗಿಬಿಡುತ್ತೇನೆ, ಕಾಲುವೆಯ ಪಕ್ಕ ನಿಂತಿರುತ್ತೇನೆ ಎಂದು ಕಾಯುತ್ತಿದ್ದೆ. ಹೋಗಲಿ ಎಂದು ಬೇಡಿಕೊಂಡೆ. ಹಾಗೆ ಬೇಡಿಕೊಂಡ ಕೂಡಲೇ ಅವಳು ಒಬ್ಬಳೇ ನೋವಿನಲ್ಲಿ ಮಲಗಿರುವುದು ಕಣ್ಣಿಗೆ ಬಂದು, ಬೇಡ, ತಲುಪಿಸು ಎಂದು ಬೇಡಿಕೊಂಡೆ. ತಲುಪಿದರೆ ಒಂದು ದುಃಖ, ತಲುಪದಿದ್ದರೆ ಇನ್ನೊಂದು. ಕಾಲು ಮಾತ್ರ ಎರಡನ್ನೂ ಕೇಳಿಸಿಕೊಳ್ಳದೆ ಹೋಗುತ್ತಲೇ ಇತ್ತು. ನೀರಿನ ಬಂಡೆ ದಾಟಿತು. ಬೋಳು ಇಳಿಜಾರು ದಾಟಿತು. ಮಂಜಿನೊಳಗೆ ಕುರಿಗಳ ವಾಸನೆ ಬಂತು, ಗುಡಿಸಲು ಕಂಡಿತು.

ಇಂದುಮತಿ ಕಂಬಳಿಯ ಮೇಲೆ ಮಲಗಿದ್ದಳು. ಕುರಿಗಾಹಿಗಳ ಪೈಕಿಯ ಹೆಂಗಸೊಬ್ಬಳು ಅವಳ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಬಾಗಿಲಲ್ಲಿ ನನ್ನನ್ನು ಕಂಡು ಇಂದುಮತಿಯ ಮುಖ ಮೊದಲು ಅರಳಿತು. ಅದು ಅರಳಿದ್ದನ್ನು ನಾನು ನೋಡಿದೆ. ಆಮೇಲೆ ನಿಧಾನಕ್ಕೆ ಏನೋ ಅರ್ಥವಾದಂತೆ ಬಾಡಿತು.

“ಬಂದೇಬಿಟ್ಟಿರಾ” ಎಂದಳು. ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಳು.

ಅವಳನ್ನು ಕೆಳಗೆ ತರಲು ಕಂಬಳಿಯನ್ನು ಎರಡು ಬಿದಿರ ಗಳುಗಳಿಗೆ ಕಟ್ಟಿದರು. ಹೊರಲು ನಾಲ್ಕು ಜನ ಬೇಕು, ನಾಲ್ವರೂ ನಾಲ್ಕು ಮನೆಯವರಾಗಬೇಕು. ಹೊರಲು ಬಂದ ಒಬ್ಬನ ತಮ್ಮ ಅಲ್ಲೇ ಪಕ್ಕದ ದೊಡ್ಡಿಯಲ್ಲಿದ್ದರೂ ಪ್ರಯೋಜನವಾಗಲಿಲ್ಲ, ಅಣ್ಣತಮ್ಮ ಇಬ್ಬರೂ ಒಟ್ಟಿಗೆ ಹೊತ್ತು ದಾರಿಗಿಳಿಯುವಂತಿರಲಿಲ್ಲ. ಕೊನೆಗೆ ಮೂವರು ಸಿಕ್ಕರು. ನಾಲ್ಕನೆಯವನು ನಾನು. “ನೀವು ತಲೆ ಕಡೆ ಇಡ್ಕಳಿ ಸಾ, ಅವ್ವಾರಿಗೆ ಧೈರ್ಯ” ಎಂದ ಒಬ್ಬ. ಇಳಿಯುವಾಗ ನನ್ನ ಹೆಂಡತಿಯ ತಲೆ ನನ್ನ ಮೊಣಕೈಗೆ ತಾಗುತ್ತಿತ್ತು. ಅವಳು ಕಣ್ಣು ಮುಚ್ಚಿಕೊಂಡಿದ್ದಳು. ನಿದ್ದೆ ಮಾಡುತ್ತಿರಲಿಲ್ಲ.

ಮೂಳೆ ಕಟ್ಟುವ ಮುದುಕಿ ಬಂದು, ಸೊಪ್ಪು ಅರೆದು ಹಚ್ಚಿ, ಬಿದಿರಿನ ಪಟ್ಟಿಗಳನ್ನು ಬಿಗಿದು ಕಟ್ಟಿ, ಬಸ್ಸಿನ ಕುಲುಕಾಟಕ್ಕೆ ಈ ಕಾಲನ್ನು ಒಯ್ಯಬೇಡಿ ಎಂದು ಹೇಳಿ ಹೋದಳು. ನಾವು ಅಲ್ಲೇ ಉಳಿದೆವು. ಸಾಮೆಯ ಕೊಯ್ಲು ಬಂತು. ಚೆನ್ನಾಜಮ್ಮ, ಬೆಳ್ಳಯ್ಯ ಇಬ್ಬರೂ ಬೇರೆ ಬೇರೆ ದಿನ ಬೇರೆ ಬೇರೆ ಹೊಲಕ್ಕೆ ಹೋಗತೊಡಗಿದರು. ಹಿತ್ತಲ ಕೋಣೆಯ ಒಲೆಯನ್ನು ನಮಗೆ ಬಿಟ್ಟುಕೊಟ್ಟರು. ನನಗೆ ಅಡುಗೆ ಬರುತ್ತಿರಲಿಲ್ಲ. ಅಂಗಡಿ ಮುಚ್ಚಿ ಮನೆಗೆ ಬಂದರೆ ತಟ್ಟೆ ಮುಚ್ಚಿಟ್ಟ ಊಟ ಇರುತ್ತಿತ್ತು, ಉಣ್ಣುತ್ತಿದ್ದೆ, ಅವಳು ಅಷ್ಟರಲ್ಲಿ ಮಲಗಿರುತ್ತಿದ್ದಳು. ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಅವಳು ಮೈದಾನದಲ್ಲಿರುತ್ತಿದ್ದಳು. ಇದರಲ್ಲಿ ಯಾರದೂ ತಪ್ಪೆಂದು ನಮಗೆ ಅನ್ನಿಸಿರಲಿಲ್ಲ. ಈಗ ಅವಳು ಗೋಡೆಗೊರಗಿ ಕೂತು, ಹುಡುಗಿಯರಿಗೆ ಡ್ರಿಲ್ ಹೇಳಿಕೊಟ್ಟ ದನಿಯಲ್ಲೇ, ಈರುಳ್ಳಿ ಹಾಕಿ, ಉರಿ ಸಣ್ಣ ಮಾಡಿ, ಸೌಟು ಬಿಡಬೇಡಿ ಎಂದು ಹೇಳುತ್ತಿದ್ದಳು. ಅನ್ನ ತಳ ಹಿಡಿಯಿತು. ಸಾರಿಗೆ ಉಪ್ಪು ಎರಡು ಸಲ ಬಿತ್ತು. ನಾನು ಸಿಡುಕಿದರೆ ಅವಳೂ ಸಿಡುಕುತ್ತಿದ್ದಳು. ಹೊಗೆ ತುಂಬಿದ ಕೋಣೆಯಲ್ಲಿ ಇಬ್ಬರೂ ಕೆಮ್ಮುತ್ತ ಅದನ್ನೇ ಉಣ್ಣುತ್ತಿದ್ದೆವು.

ಒಂದು ಮಧ್ಯಾಹ್ನ ಊಟವಾದ ಮೇಲೆ ಅವಳ ಕಾಲಿನ ಬೆರಳುಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದೆ. ಅವಳು ತಾನಾಗಿಯೇ ಆ ದಿನದ ಮಾತು ತೆಗೆದಳು.

“ಬಾಗಿಲಲ್ಲಿ ನಿಮ್ಮನ್ನು ನೋಡಿದಾಗ ಹೋದ ಜೀವ ಬಂತು” ಎಂದಳು. “ಅದರ ಜೊತೆಗೇ, ಇವರು ಬರಲಿಕ್ಕೆ ಆಗಬಾರದಿತ್ತು ಅಂತಲೂ ಅನ್ನಿಸಿತು.”

“ನನಗೂ” ಎಂದೆ. ಯಾವಾಗಿನಿಂದ ಹೀಗೆ ಎಂದು ಕೇಳಿದೆ.

“ಜಗಳವಾಡಿದ್ದರೆ ಒಂದು ದಿನ ಅಂತ ನೆನಪಿರುತ್ತಿತ್ತು. ನಾವು ಅದನ್ನೂ ಆಡಲಿಲ್ಲ.”

ನನಗೆ ಅಳು ಬರಬೇಕಿತ್ತೇನೋ, ಬರಲಿಲ್ಲ. ಕಾಲು ಒರೆಸುವುದನ್ನು ಮುಂದುವರಿಸಿದೆ. ಅವಳು ಬೇಡವೆನ್ನಲಿಲ್ಲ. ಸಂಜೆ ಬೆಳ್ಳುಳ್ಳಿ ಜಾಸ್ತಿಯಾಯಿತೆಂದು ಇಬ್ಬರಿಗೂ ಚೆನ್ನಾಗಿ ಜಗಳವಾಯಿತು.

ಪಟ್ಟಿ ಬಿಚ್ಚಿದ ಮೇಲೆ ಕೋಲು ಹಿಡಿದು ಮೊದಲು ಅಂಗಳದಲ್ಲಿ, ಆಮೇಲೆ ಬೀದಿಯಲ್ಲಿ ಅವಳನ್ನು ನಡೆಸಿದೆ. ಊರಿಗೆ ಹೊರಡುವ ಮುಂಚೆ ಒಂದು ಸಲ ಸಾಮೆಯ ಹೊಲಗಳವರೆಗಾದರೂ ಹತ್ತಿ ನೋಡುತ್ತೇನೆ, ಕಾಲಿಗೆ ಧೈರ್ಯ ಬರಬೇಕು ಎಂದಳು. ನಾನು ಜೊತೆಗೆ ಹೊರಟೆ. ನನಗೆ ತಡೆಯಿಲ್ಲವಲ್ಲ. ಆ ವಿಷಯವನ್ನು ಇಬ್ಬರೂ ಎತ್ತಲಿಲ್ಲ. ಬಿಸಿಲು ಹಿತವಾಗಿತ್ತು. ಕೊಯ್ದ ಹೊಲದಲ್ಲಿ ಕೂಳೆ ಹೊಳೆಯುತ್ತಿತ್ತು. ಅವಳು ಕೋಲೂರಿ ಒಂದೊಂದೇ ಹೆಜ್ಜೆ ಇಡುತ್ತಿದ್ದಳು. ಅವಳಿಗೆ ನೋವು ಗೊತ್ತಾಗದಿರಲೆಂದು ನಾನು ಅಂಗಡಿಯ ಕಥೆ ತೆಗೆದೆ. ಒಬ್ಬ ಅಜ್ಜಿ ಇದ್ದಳು, ತೀರಿಹೋದ ಗಂಡನ ಕನ್ನಡಕ ತಂದು, ಇದರ ಗಾಜು ತೆಗೆದು ತನ್ನ ಕಣ್ಣಿನದು ಹಾಕಿಕೊಡಿ ಎಂದಳು. ಚೌಕಟ್ಟು ಅವಳ ಮುಖಕ್ಕೆ ದೊಡ್ಡದು, ಮೂಗಿನಿಂದ ಜಾರುತ್ತಿತ್ತು. ಬೇರೆ ಕೊಡುತ್ತೇನೆಂದರೆ ಕೇಳಲಿಲ್ಲ. ಈ ಕಥೆಯನ್ನು ಇಷ್ಟು ವರ್ಷ ಇಂದುಮತಿಗೆ ಯಾಕೆ ಹೇಳಿರಲಿಲ್ಲವೆಂದು ಯೋಚಿಸುತ್ತಲೇ ಹೇಳುತ್ತಿದ್ದೆ. ಆಮೇಲೆ ಎಂದು ಅವಳು ಕೇಳಿದಳು. ಆಮೇಲೆ ಆ ಅಜ್ಜಿ ಏನು ಮಾಡಿದಳು ಗೊತ್ತಾ ಎಂದು ಪಕ್ಕಕ್ಕೆ ತಿರುಗಿದೆ.

ಪಕ್ಕದಲ್ಲಿ ಕಾಲುವೆಯಿತ್ತು. ಉಣ್ಣೆ ತೊಳೆಯುತ್ತಿದ್ದ ಹೆಂಗಸರು ತಲೆಯೆತ್ತಿ ನನ್ನನ್ನು ನೋಡುತ್ತಿದ್ದರು. ಅವರಲ್ಲೊಬ್ಬಳು, ಮುಖಕ್ಕೆ ಬಿದ್ದ ಕೂದಲನ್ನು ಮೊಣಕೈಯಿಂದ ಸರಿಸುತ್ತ, ಆ ಊರಿನಲ್ಲಿ ಹೀಗೆ ಬಂದು ನಿಂತ ಎಲ್ಲರನ್ನೂ ಕೇಳುವಂತೆ ಕೇಳಿದಳು.

“ಯಾರ್ನ ಬುಟ್ಟು ಬಂದ್ರಿ ಸಾ?”

“ನಮ್ಮನೆಯವಳನ್ನ” ಎಂದೆ.

ಹೇಳಿದ ಮೇಲೆ ಅದರ ಅರ್ಥ ನನಗೆ ತಿಳಿಯಿತು. ಕಾಲುವೆಯ ಕಟ್ಟೆಯ ಮೇಲೆ ಕೂತೆ. ನಗು ಬರುತ್ತಿತ್ತು, ಅದರ ಹಿಂದೆಯೇ ಅವಳ ಕಾಲು ನೆನಪಾಯಿತು. ಮೊನ್ನೆಯಷ್ಟೇ ಪಟ್ಟಿ ಬಿಚ್ಚಿದ ಕಾಲಿನಲ್ಲಿ ಅವಳು ಇಳಿಜಾರಿನ ಮೇಲೆ ಒಬ್ಬಳೇ ಇದ್ದಳು. ಎದ್ದು ಓಡಿದೆ. ಮೊದಲ ಹೊಲದ ಬದು ದಾಟುವಷ್ಟರಲ್ಲಿ ಮತ್ತೆ ಕಾಲುವೆಯ ಪಕ್ಕದಲ್ಲಿದ್ದೆ. ಮತ್ತೆ ಓಡಿದೆ, ಮತ್ತೆ ಅಲ್ಲೇ. ಆ ಬೆಟ್ಟದಲ್ಲಿ ಅವಳ ಹತ್ತಿರ ಯಾರು ಬೇಕಾದರೂ ಹೋಗಬಹುದಿತ್ತು, ನಾನೊಬ್ಬನನ್ನು ಬಿಟ್ಟು. ಅದು ನನಗೆ ಸಿಕ್ಕಿದ್ದೋ ನನ್ನಿಂದ ಕಳೆದದ್ದೋ ತಿಳಿಯದೆ, ಯಾರಾದರೂ ಹೋಗಿ, ದಯವಿಟ್ಟು ಯಾರಾದರೂ ಹೋಗಿ ಎಂದು ಆ ಹೆಂಗಸರನ್ನು ಕೇಳಿಕೊಂಡೆ.

ಕೂದಲು ಸರಿಸಿಕೊಂಡವಳು ಎದ್ದಳು. ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು, ಸೆರಗು ಬಿಗಿದು, ಬೆಟ್ಟ ಅವಳಿಗೆಂದೇ ಇದ್ದಂತೆ ಹತ್ತಿಹೋದಳು. ಉಳಿದವರು ಉಣ್ಣೆ ತೊಳೆಯುತ್ತಲೇ ನನಗೆ ಕೂರಲು ಜಾಗ ಬಿಟ್ಟರು. ನಾನು ಕೂರಲಿಲ್ಲ. ಬಹಳ ಹೊತ್ತಿನ ಮೇಲೆ ಹೊಲಗಳ ನಡುವೆ ಇಬ್ಬರು ಕಾಣಿಸಿದರು. ಒಬ್ಬಳ ಹೆಗಲ ಮೇಲೆ ಒಬ್ಬಳ ಕೈ. ಇಂದುಮತಿ ಕೋಲನ್ನು ಮೇಲೆತ್ತಿ ನನ್ನ ಕಡೆ ಬೀಸಿದಳು. ನಗುತ್ತಿದ್ದಳೋ, ಅಳುತ್ತಿದ್ದಳೋ, ಅಷ್ಟು ದೂರಕ್ಕೆ ನನ್ನ ಕಣ್ಣು ಹಾಯಲಿಲ್ಲ. ಒಂದು ಹೆಜ್ಜೆ ಮುಂದಿಟ್ಟರೂ ಪ್ರಯೋಜನವಿಲ್ಲವೆಂದು ಗೊತ್ತಿದ್ದರಿಂದ ದಾರಿ ಶುರುವಾಗುವಲ್ಲೇ ನಿಂತು, ಆ ಅಜ್ಜಿಯ ಕಥೆಯನ್ನು ಎಲ್ಲಿಗೆ ನಿಲ್ಲಿಸಿದ್ದೆನೆಂದು ನೆನಪು ಮಾಡಿಕೊಳ್ಳತೊಡಗಿದೆ.